ಮೂರನೆಯ ಪ್ರತಿ

ಚಿರಶಾಂತಿ ಶಕೆ ಮೂರನೇ ವರ್ಷ, ಎಂಟನೇ ತಿಂಗಳು, ಆರನೇ ದಿನ

ಇವತ್ತಿನಿಂದ ನಾನು ಚಕ್ರವರ್ತಿಗಳಿಗೆ ಅಕ್ಷರ ಕಲಿಸುವ ಗುರು. ಹತ್ತೊಂಬತ್ತು ವರ್ಷ ದಫ್ತರದ ಧೂಳು ಕುಡಿಯುತ್ತ, ಸತ್ತ ರಾಜರ ಕಾಗದಪತ್ರ ನಕಲು ಮಾಡಿದ್ದು ಸಾರ್ಥಕವಾಯಿತು. ಹೊಸ ಟೋಪಿ, ಕಪ್ಪು ರೇಷ್ಮೆಯ ನಿಲುವಂಗಿ, ದಿನವೂ ಊಟಕ್ಕೆ ಕುರಿಮಾಂಸ. ಅಣ್ಣನ ಮನೆಗೆ ಹೇಳಿ ಕಳಿಸಿದ್ದೇನೆ. ಇಷ್ಟು ವರ್ಷ ನನ್ನನ್ನು 'ಮಸಿಬೆರಳಿನ ಮೈದುನ' ಎಂದು ಆಡಿಕೊಳ್ಳುತ್ತಿದ್ದ ಅತ್ತಿಗೆ ಈಗ ಬೀದಿಗೆಲ್ಲ ಸಿಹಿ ಹಂಚುತ್ತಿರಬೇಕು.

ಕೈಬರಹದಲ್ಲಿ ಬಿಯಾನ್‌ನನ್ನು ಮೀರಿಸುವವರು ಈ ನಗರದಲ್ಲಿಲ್ಲ ಎಂದು ಮಹಾಸೇನಾನಿ ಗೆಂಗ್ ಅವರೇ ಹೇಳಿದರಂತೆ. ಚಕ್ರವರ್ತಿಗಳಿಗೆ ಇನ್ನೂ ಏಳು ವರ್ಷ. ರಾಜ್ಯ ನಡೆಸುತ್ತಿರುವುದು ಮಹಾಸೇನಾನಿಗಳು. ಅಂಥವರ ಬಾಯಲ್ಲಿ ನನ್ನ ಹೆಸರು ಬಂತೆಂದರೆ ಸಣ್ಣ ಮಾತಲ್ಲ.

ಒಂದೇ ಕಿರಿಕಿರಿ. ಅರಮನೆಯೊಳಗೇ ಇರಬೇಕು. ಬಾಗಿಲಲ್ಲಿ ನನ್ನ ಗುರುತಿನ ಬಿಲ್ಲೆ ತೆಗೆದುಕೊಂಡರು, ಹಿಂದಕ್ಕೆ ಕೊಡಲಿಲ್ಲ. "ಬೇಕಾದಾಗ ಕೇಳಿ ಮೇಷ್ಟ್ರೇ, ಅದೆಲ್ಲಿ ಓಡಿಹೋಗುತ್ತೆ," ಎಂದ ಕಾವಲಿನವನು.

ಚಕ್ರವರ್ತಿಗಳ ದರ್ಶನವಾಯಿತು. ಮುಂದಿನ ಎರಡು ಹಲ್ಲು ಬಿದ್ದಿವೆ. ನಾನು ಹಣೆಯನ್ನು ನೆಲಕ್ಕೆ ಮುಟ್ಟಿಸಿ ಏಳುವಷ್ಟರಲ್ಲಿ, "ನಿಮ್ಮ ಮಂಡಿ ಟಕ್ ಅಂತು," ಎಂದರು.

"ಕ್ಷಮಿಸಬೇಕು ಪ್ರಭು."

"ಇನ್ನೊಂದ್ಸಲ ಮಾಡಿ. ನಮಗೆ ಕೇಳ್ಬೇಕು."

ಇನ್ನೊಂದು ಸಲ ಅಡ್ಡಬಿದ್ದೆ. ಮಂಡಿ ಆಜ್ಞೆ ಪಾಲಿಸಿತು. ಚಕ್ರವರ್ತಿಗಳು ಹಾಸಿನ ಮೇಲೆ ಹೊರಳಾಡಿ ನಕ್ಕರು. ದಾದಿ ವೆನ್ ಎಂಬವಳು, ಉತ್ತರದ ಕಡೆಯ ದಪ್ಪ ಹೆಂಗಸು, ಗದರುವ ಬದಲು ತಾನೂ ನಕ್ಕಳು. ಶಿಸ್ತು ಸಾಲದು. ನಾನು ಕಲಿಸುತ್ತೇನೆ.

ಎಂಟನೇ ತಿಂಗಳು, ಹದಿನೇಳು

ಮಹಾಸೇನಾನಿಗಳ ಕಾರ್ಯದರ್ಶಿ ಚೂ ಇವತ್ತು ಬಂದಿದ್ದ. ನನಗಿಂತ ಹದಿನೈದು ವರ್ಷ ಚಿಕ್ಕವನು, ಬೆಣ್ಣೆಯಂಥ ಮಾತು. ಹತ್ತು ಅಕ್ಷರಗಳ ಪಟ್ಟಿ ಕೊಟ್ಟ. ಹೀಗೆಯೇ ಹತ್ತು ಹತ್ತಾಗಿ ಕೊಡುತ್ತಾನಂತೆ.

"ಅರ್ಥ ಹೇಳೋ ಗೋಜಿಗೆ ಹೋಗ್ಬೇಡಿ ಮೇಷ್ಟ್ರೇ. ಕೈ ಕುದುರಿದ್ರೆ ಸಾಕು."

ಒಂದು ಅಕ್ಷರವೆಂದರೆ ಒಂದು ಮಾತು; ಎಲ್ಲ ಮಕ್ಕಳೂ ಒಂದು, ಎರಡು, ಬೆಟ್ಟ, ನೀರು ಎಂದು ಶುರು ಮಾಡುತ್ತವೆ. ಇಲ್ಲಿ 'ಸ್ವರ್ಗ', 'ಭಾರ', 'ಅಯೋಗ್ಯ', 'ಆಯಸ್ಸು'. ದೊಡ್ಡವರ ರುಚಿ ದೊಡ್ಡದು. ಪಟ್ಟಿ ಮಾತ್ರ ಅಚ್ಚುಕಟ್ಟಾಗಿದೆ, ಶಿಸ್ತಿನ ಜನ.

ಒಂದು ವಿಷಯ ಬರೆದಿಡಬೇಕು, ಬೇರೆ ಯಾರಿಗೂ ಹೇಳುವುದಿಲ್ಲ. ಈ ಮಗುವಿನ ಕೈಯಂಥ ಕೈಯನ್ನು ನಾನು ನೋಡಿಲ್ಲ. ಇವತ್ತು ಮೊದಲ ಅಡ್ಡಗೆರೆ ಎಳೆದರು. ಕುಂಚ ಇಳಿಯಿತು, ನಡೆಯಿತು, ಕೊನೆಯಲ್ಲಿ ನಿಂತು ಉಸಿರು ತೆಗೆದುಕೊಂಡಿತು. ಅದನ್ನು ಕಲಿಯಲು ನನಗೆ ಹನ್ನೊಂದು ವರ್ಷ ಹಿಡಿದಿತ್ತು. ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಅಕ್ಷರ ಚೆನ್ನಾಗಿದ್ದರೆ ಗುರು ಅದರ ಪಕ್ಕದಲ್ಲಿ ಕೆಂಪು ಮಸಿಯಲ್ಲಿ ಒಂದು ಸುತ್ತು ಹಾಕುವುದು ಪದ್ಧತಿ. ಹಾಕಿದೆ. ಚಕ್ರವರ್ತಿಗಳು ಆ ಹಾಳೆ ಹಿಡಿದುಕೊಂಡು ಅಂಗಳದ ತುಂಬ ಓಡಿದರು. "ದಾದೀ, ಕೆಂಪು ಸುತ್ತು! ನಮಗೆ ಕೆಂಪು ಸುತ್ತು!" ದಾದಿ ಅವರನ್ನು ಎತ್ತಿಕೊಂಡು, "ಭೇಷ್ ನನ್ನ ನಾಯಿಮರಿ," ಎಂದಳು. ನಾಯಿಮರಿ! ದೇವಪುತ್ರನನ್ನು! ಕೇಳಿದ್ದಕ್ಕೆ, "ಕೆಟ್ಟ ಹೆಸರಿದ್ರೆ ದೆವ್ವ ತಿರುಗಿ ನೋಡಲ್ಲ ಮೇಷ್ಟ್ರೇ," ಎಂದಳು. ಹಳ್ಳಿಯವರ ನಂಬಿಕೆ.

ಒಂಬತ್ತನೇ ತಿಂಗಳು, ಒಂಬತ್ತು

ಹಬ್ಬ. ಸೇವಂತಿಗೆ ಮದ್ಯ ಕೊಟ್ಟಿದ್ದರು. ಒಬ್ಬನೇ ಕುಳಿತು ಕುಡಿಯುತ್ತ, ಈವರೆಗೆ ಬಂದ ನಾಲ್ಕು ಪಟ್ಟಿಗಳನ್ನು ಮೇಜಿನ ಮೇಲೆ ಹರಡಿಕೊಂಡಿದ್ದೆ. ನಲವತ್ತು ಅಕ್ಷರ. ಸುಮ್ಮನೆ ಬೆರಳನ್ನು ಮದ್ಯದಲ್ಲಿ ಅದ್ದಿ ಮೇಜಿನ ಮೇಲೆ ಬರೆಯುತ್ತಿದ್ದೆ. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಬೆರಳು ಪಟ್ಟಿಯಲ್ಲಿಲ್ಲದ ಅಕ್ಷರಗಳನ್ನೂ ಸೇರಿಸಿ ಒಂದು ಸಾಲು ಬರೆದಿದೆ.

'ಸ್ವರ್ಗವು ನಮ್ಮ ವಂಶಕ್ಕೆ ಕೊಟ್ಟ ಆಯಸ್ಸು ಮುಗಿಯಿತು. ಎಳೆಯನೂ ಅಯೋಗ್ಯನೂ ಆದ ನಾನು ಈ ಭಾರ ಹೊರಲಾರೆ.'

ನನ್ನ ತಲೆಗಿಂತ ಮೊದಲು ಕೈಗೆ ಗೊತ್ತಾಯಿತು. ದಫ್ತರದಲ್ಲಿ ಇಂಥ ಪತ್ರಗಳನ್ನು ಮೂರು ಸಲ ನಕಲು ಮಾಡಿದ್ದೇನೆ. ಮೂರೂ ಹಿಂದಿನ ವಂಶಗಳ ಎಳೆಯ ಚಕ್ರವರ್ತಿಗಳದ್ದು. ಪಟ್ಟ ಬಿಟ್ಟುಕೊಟ್ಟ ಪತ್ರಗಳು. ಒಟ್ಟು ತೊಂಬತ್ತಾರು ಅಕ್ಷರ. ಸಾಲು ಒಂದಿಷ್ಟೂ ಬದಲಾಗುವುದಿಲ್ಲ.

ಆ ಮೂರು ಕಟ್ಟುಗಳಲ್ಲಿಯೂ ಪತ್ರದ ಹಿಂದೆ ಕೆಲವು ಹಾಳೆ ದಾಟಿದರೆ ಇನ್ನೊಂದು ಹಾಳೆ ಇರುತ್ತಿತ್ತು. ಒಬ್ಬ ಜ್ವರದಿಂದ ತೀರಿಕೊಂಡ. ಒಬ್ಬ ಕುದುರೆಯಿಂದ ಬಿದ್ದ. ಅವನಿಗೆ ಐದು ವರ್ಷ. ಮೂರನೆಯವನಿಗೆ ಕಾರಣವನ್ನೇ ಬರೆದಿರಲಿಲ್ಲ. ಆಗ ನಾನು ಯೋಚಿಸಿದ್ದು ಹಾಳೆಯ ಅಂಚು ನೇರವಾಗಿದೆಯೇ ಎಂದು ಮಾತ್ರ.

ಕಳೆದ ಸಲದ ಪತ್ರವನ್ನು ಗುಮಾಸ್ತ ಬರೆದಿದ್ದನೆಂದು ಪ್ರಾಂತಗಳ ಅಧಿಪತಿಗಳು ಒಪ್ಪಲಿಲ್ಲ; ನಾಲ್ಕು ವರ್ಷ ಯುದ್ಧವಾಯಿತು. ಅದಕ್ಕೇ ಈ ಸಲ ಮಗುವೇ ಬರೆಯಬೇಕು, ಅವರೆಲ್ಲರ ಕಣ್ಣೆದುರು. ಅದಕ್ಕೇ ನಾನು.

ಒಂಬತ್ತನೇ ತಿಂಗಳು, ಹತ್ತು

ಬಾಗಿಲಿಗೆ ಹೋಗಿ ಬಿಲ್ಲೆ ಕೇಳಿದೆ. "ಮಹಾಸೇನಾನಿಗಳ ಕಚೇರಿಯಿಂದ ಚೀಟಿ ತನ್ನಿ," ಎಂದ ಕಾವಲಿನವನು.

ವಾಪಸ್ ಬಂದೆ. ಪಾಠ ಮಾಡಿದೆ. ಇನ್ನೇನು ಮಾಡಲಿ.

ಒಂಬತ್ತನೇ ತಿಂಗಳು, ಹದಿನಾರು

ದಾದಿ ವೆನ್ ಬಾವಿಯ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸಿದಳು.

"ಮೇಷ್ಟ್ರೇ, ಮಗು ಎಷ್ಟು ಅಕ್ಷರ ಕಲ್ತಿದೆ?"

"ನಲವತ್ತು."

"ಒಟ್ಟು ಎಷ್ಟು?"

"ತೊಂಬತ್ತಾರು."

"ತೊಂಬತ್ತಾರು ಆದ್ಮೇಲೆ?"

ನಾನು ಬಾವಿಯೊಳಗೆ ನೋಡಿದೆ.

"ನಂಗೆ ಓದು ಬರಲ್ಲ," ಎಂದಳು. "ಆದ್ರೆ ಕುರಿ ಸಾಕಿದ ಮನೇಲಿ ಹುಟ್ಟಿದೋಳು ನಾನು. ಹಬ್ಬದ ಕುರಿಗೆ ಹೆಚ್ಚು ಮೇವು ಹಾಕ್ತಾರೆ. ಆ ಮೇವು ಹಾಕೋರು ಈಗ ನೀವು."

ನನಗೆ ಸಿಟ್ಟು ನೆತ್ತಿಗೇರಿತು. "ನನಗೆ ಯಾಕಮ್ಮ ಹೇಳ್ತೀಯ? ಕಲಿಸದಿದ್ರೆ ನನ್ನ ಕತ್ತು ಹೋಗುತ್ತೆ. ನನ್ನದೊಂದೇ ಅಲ್ಲ, ಅಣ್ಣನ ಮನೇಲಿ ಹದಿನಾಲ್ಕು ಕತ್ತಿವೆ."

"ಕಲಿಸ್ಬೇಡಿ ಅಂದ್ನಾ? ನಿಧಾನಕ್ಕೆ ಕಲಿಸಿ ಅಂದೆ. ದಡ್ಡ ಮಗು, ತಲೆಗೆ ಹತ್ತಲ್ಲ ಅನ್ನಿ. ದಡ್ಡ ಮಕ್ಕಳು ತುಂಬ ದಿನ ಬದುಕ್ತವೆ ಮೇಷ್ಟ್ರೇ."

ಹೆಂಗಸಿನ ಮಾತಿನಲ್ಲಿ ಹುರುಳಿದೆ. ಮಗುವಿಗಾಗಿ ಅಲ್ಲ, ನನ್ನ ಲೆಕ್ಕದಲ್ಲಿಯೇ ಯೋಚಿಸಿದೆ. ಮಗು ಕಲಿತು ಮುಗಿಸಿದ ದಿನ ನನ್ನ ಕೆಲಸವೂ ಮುಗಿಯಿತು. ಇಷ್ಟೆಲ್ಲ ಗೊತ್ತಿರುವ ಮೇಷ್ಟ್ರನ್ನು ಆಮೇಲೆ ಯಾರು ಸಾಕುತ್ತಾರೆ? ಅಧಿಪತಿಗಳು ಸೇರುವುದು ವರ್ಷಕ್ಕೊಮ್ಮೆ, ಹೊಸವರ್ಷದ ಹೊತ್ತಿಗೆ. ಈ ಸಲ ತಪ್ಪಿದರೆ ಇನ್ನೊಂದು ವರ್ಷ ಸಿಗುತ್ತದೆ. ಮಹಾಸೇನಾನಿಗೆ ಅರವತ್ತೆಂಟು, ಕೆಮ್ಮು ಬೇರೆ. ವರ್ಷದಲ್ಲಿ ಏನು ಬೇಕಾದರೂ ಆಗಬಹುದು.

ತೀರ ನಿಧಾನ ಮಾಡಿದರೆ ನನ್ನನ್ನು ತೆಗೆದು ಇನ್ನೊಬ್ಬನನ್ನು ತರುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನೋಡೋಣ.

ಹತ್ತನೇ ತಿಂಗಳು, ಎರಡು

ಹದಿನೈದು ದಿನದಿಂದ ಬರೀ ಅಡ್ಡಗೆರೆ. ದಿನಕ್ಕೆ ಐನೂರು. ತಳಪಾಯ ಗಟ್ಟಿಯಾಗಬೇಕು ಎಂದು ಹೇಳಿದ್ದೇನೆ. ಪ್ರತಿ ಹಾಳೆಗೂ "ಡೊಂಕು" ಎನ್ನುತ್ತೇನೆ.

ಒಂದೂ ಡೊಂಕಿಲ್ಲ.

ಇವತ್ತು ಪ್ರಭುಗಳು ಕುಂಚ ಕೆಳಗಿಟ್ಟು, "ಗುರುಗಳೇ, ನಮಗೆ ಒಂದು ಕೆಂಪು ಸುತ್ತು ಹಾಕಿ. ಚಿಕ್ಕದಾದ್ರೂ ಪರವಾಗಿಲ್ಲ," ಎಂದರು.

"ಡೊಂಕು ಗೆರೆಗೆ ಸುತ್ತು ಹಾಕೋದಿಲ್ಲ ಪ್ರಭು."

"ಇದು ಕೂಡ ಡೊಂಕಾ?"

"ಅದು ಕೂಡ."

ಚಕ್ರವರ್ತಿ 'ನಾನು' ಎನ್ನಬಾರದು, 'ನಾವು' ಎನ್ನಬೇಕು. ಪಟ್ಟಕ್ಕೆ ಬಂದಾಗಲೇ ಅಭ್ಯಾಸ ಮಾಡಿಸಿದ್ದಾರೆ. ಅದನ್ನು ಮರೆತು, "ನಾನು ದಡ್ಡನಾ ಗುರುಗಳೇ?" ಎಂದು ಕೇಳಿದರು.

"ಹೂಂ," ಎಂದೆ.

ಅತ್ತರು. ನಾನು ಹಾಳೆಗಳನ್ನು ಒಟ್ಟು ಮಾಡಿದೆ. ಅದರಲ್ಲಿ ಒಂದನ್ನು ತಂದು ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೇನೆ. ಅರಮನೆಯ ಕಾಗದ, ಒಳ್ಳೆಯ ಗುಣಮಟ್ಟ, ಹಿಂಬದಿ ಉಪಯೋಗಕ್ಕೆ ಬರುತ್ತದೆ.

ಹತ್ತನೇ ತಿಂಗಳು, ಹದಿಮೂರು

ಚೂ ಬಂದಿದ್ದ. ಹಾಳೆಗಳನ್ನು ತಿರುವಿ ಹಾಕಿದ.

"ಎರಡು ತಿಂಗಳಿಗೆ ನಲವತ್ತೈದು ಅಕ್ಷರ. ಏನ್ ಮೇಷ್ಟ್ರೇ, ಎತ್ತಿನ ಗಾಡೀಲಿ ಹೊರಟಿದೀರಾ?"

"ತಳಪಾಯ..."

"ತಳಪಾಯ ಸಾಕು, ಮನೆ ಕಟ್ಟಿ. ನಿಮ್ಮ ದಫ್ತರದಲ್ಲಿ ತಾಂಗ್ ಅಂತ ಒಬ್ಬ ಇದಾನಲ್ಲ? ಅವನು ಬೆತ್ತದಲ್ಲಿ ಕಲಿಸ್ತಾನಂತೆ. ಬೆರಳ ಗೆಣ್ಣಿಗೆ ಎರಡು ಬಿಟ್ರೆ ಎಂಥ ಮಗುವಿಗೂ ತಿಂಗಳಲ್ಲಿ ಬರುತ್ತಂತೆ. ಕರೆಸ್ಲಾ?"

ಏನಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ನನ್ನ ಕಡೆಯಿಂದ ತಪ್ಪಿಲ್ಲ ಸ್ವಾಮಿ. ಮಗುವಿನ ಮನಸ್ಸು ಪಾಠದ ಮೇಲಿಲ್ಲ. ಬೆಳಗಿಂದ ಸಂಜೆವರೆಗೆ ದಾದಿ ಜೊತೆ ಆಟ, ಕಥೆ, ಮಿಡತೆ ಹಿಡಿಯೋದು..."

"ಓ, ಹಾಗೋ," ಎಂದ ಚೂ. ಎದ್ದು ಹೋದ.

ಸಮಯ ಸಿಕ್ಕಿತು. ಒಟ್ಟಿನಲ್ಲಿ ತಾಂಗ್ ಬರುವುದಿಲ್ಲ.

ಹತ್ತನೇ ತಿಂಗಳು, ಹದಿನಾಲ್ಕು

ದಾದಿಯನ್ನು ಕರೆದುಕೊಂಡು ಹೋದರು. ನೇಕಾರರ ಅಂಗಳಕ್ಕೆ ಹಾಕುತ್ತಾರಂತೆ.

ಮಗು ಅವಳ ಲಂಗ ಹಿಡಿದಿತ್ತು. ಬೆರಳು ಬಿಡಿಸಲು ಮೂರು ಜನ ಬೇಕಾಯಿತು. ನನ್ನ ಬಾಯಿಂದ ಬಂದ ಮಾತು ಅವಳಿಗೆ ಗೊತ್ತಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. ಶಾಪ ಹಾಕುತ್ತಾಳೆ ಎಂದುಕೊಂಡೆ. "ನಿದ್ದೇಲಿ ಹೊದಿಕೆ ಒದ್ದುಬಿಡುತ್ತೆ ಮೇಷ್ಟ್ರೇ," ಎಂದಳು, ಅಷ್ಟೇ.

ನಾನು ಹೇಡಿ. ಬರೆದಿಡುತ್ತೇನೆ.

ಹತ್ತನೇ ತಿಂಗಳು, ಹದಿನೈದು

ಹೊದಿಕೆ ಮೂರು ಸಲ ಸರಿಮಾಡಿದೆ. ಮಾಡುವವರು ಬೇರೆ ಯಾರೂ ಇಲ್ಲ, ಅದಕ್ಕೆ.

ಹನ್ನೊಂದನೇ ತಿಂಗಳು, ನಾಲ್ಕು

ಪ್ರಭುಗಳು ಈಗ ಗಲಾಟೆ ಮಾಡುವುದಿಲ್ಲ. ಮಿಡತೆಗಳ ಪಂಜರವನ್ನು ತಾವೇ ತೆರೆದುಬಿಟ್ಟಿದ್ದಾರೆ. ನಾನು ಎದುರಿಗೆ ಕುಳಿತು ತಿಂದರೆ ಮಾತ್ರ ಊಟ ಮಾಡುತ್ತಾರೆ. ಹಾಗಾಗಿ ನನಗೂ ದಿನಕ್ಕೆ ಮೂರು ಸಲ ನವಣೆ ಗಂಜಿ. ಕುರಿಮಾಂಸಕ್ಕೆ ಕರೆದರೆ ಹೋಗುವ ಹಾಗಿಲ್ಲ.

ಪಾಠ ಐವತ್ತೆರಡರಲ್ಲಿದೆ. ಅಳೆದು ಸುರಿದು ನಡೆಸುತ್ತಿದ್ದೇನೆ. ಹೊಸವರ್ಷಕ್ಕೆ ಎಪ್ಪತ್ತು ದಾಟುವುದಿಲ್ಲ. ವಿಚಿತ್ರವೆಂದರೆ ಚೂ ಈಗ ಅವಸರಪಡಿಸುತ್ತಿಲ್ಲ. ಹೋದ ಸಲ ಬಂದವನು ನನ್ನನ್ನು ಮಾತಾಡಿಸದೆ, ಪ್ರಭುಗಳ ಆಟಿಕೆಯ ಕೋಣೆಯಲ್ಲಿ ಅರ್ಧ ಗಳಿಗೆ ಇದ್ದು ಹೋದ. ಸೋತನೆಂದು ಕಾಣುತ್ತದೆ.

ಪಾಠವಿಲ್ಲದ ದಿನವೂ ಪ್ರಭುಗಳ ಬೆರಳಲ್ಲಿ ಮಸಿ ಇರುತ್ತದೆ. ಚಿತ್ರ ಬರೆಯುತ್ತಾರೇನೋ. ಬರೆಯಲಿ, ಪಾಪ. ಬೆರಳು ತೊಳೆದು ಬನ್ನಿ ಎಂದು ಗದರಿದೆ, ಆಮೇಲೆ ನಾನೇ ತೊಳೆದೆ.

ಹನ್ನೊಂದನೇ ತಿಂಗಳು, ಇಪ್ಪತ್ತೊಂದು

ಇವತ್ತು ಅತಿ ದೀರ್ಘ ರಾತ್ರಿಯ ದಿನ. ಶಿಷ್ಯರು ಗುರುವಿಗೆ ನಮಸ್ಕಾರ ಮಾಡುವ ಹಬ್ಬ. ಚಕ್ರವರ್ತಿ ಯಾರಿಗೂ ಬಾಗಬಾರದು; ಆದರೆ ಈ ಒಂದು ದಿನ ಗುರುವಿಗೆ ತಲೆ ಬಾಗಬಹುದು. ಬಾಗಿದರು. ಹಿಂದೆ ಚೂ ನಿಂತಿದ್ದ.

"ನಾವು ನಿಮಗೆ ಉಡುಗೊರೆ ತಂದಿದೀವಿ," ಎಂದು ಸುರುಳಿಯೊಂದನ್ನು ಎರಡೂ ಕೈಯಲ್ಲಿ ಚಾಚಿದರು.

ಬಿಚ್ಚಿದೆ. ತೊಂಬತ್ತಾರು ಅಕ್ಷರ. ಮೊದಲಿನಿಂದ ಕೊನೆಯವರೆಗೆ, ಕ್ರಮವಾಗಿ.

"ಆಟಿಕೆ ಕೋಣೇಲಿ ಕೂತು ಬರೆದ್ವಿ. ಚೂ ಅವರು ಮಾದರಿ ಹಾಳೆ ಕೊಟ್ರು. ಇಡೀ ಹಾಳೆ ಬರೆದ್ರೆ ಗುರುಗಳು ಸುತ್ತು ಹಾಕ್ತಾರೆ, ದಾದೀನೂ ಬರಬಹುದು ಅಂದ್ರು. ನಿಮಗೆ ಹೇಳ್ಬಾರ್ದು ಅಂತ ನಾವು ಬಾಯಿ ಮುಚ್ಕೊಂಡಿದ್ವಿ. ಮೂವತ್ತೈದು ದಿನ!" ಉಸಿರು ತೆಗೆದುಕೊಂಡು, ಸಣ್ಣ ದನಿಯಲ್ಲಿ ಕೇಳಿದರು. "ಡೊಂಕಿದೆಯಾ?"

"ಹೇಳಿ ಮೇಷ್ಟ್ರೇ," ಎಂದ ಚೂ. "ಡೊಂಕಿದೆಯಾ?"

ಆಟವಾಡಲು ದಾದಿ ಇರಲಿಲ್ಲ, ಅದಕ್ಕೇ ಮಗು ಬರೆಯುತ್ತ ಕುಳಿತಿದೆ. ದಾದಿಯನ್ನು ಕಳಿಸಿದವನು ನಾನು.

ಹಾಳೆ ನೋಡಿದೆ. ತಪ್ಪು ಹುಡುಕಿದೆ. ಒಂದಾದರೂ ಸಿಕ್ಕರೆ ಹತ್ತು ದಿನ ತಳ್ಳಬಹುದಿತ್ತು. ಸಿಗಲಿಲ್ಲ. ಡೊಂಕು ಎಂದು ಸುಳ್ಳು ಹೇಳಿದರೆ ಚೂಗೆ ಕಣ್ಣಿದೆ. ಮಗು ಮಾತ್ರ ಮತ್ತೆ ದಡ್ಡನಾಗುತ್ತದೆ, ಬೇರೇನೂ ಆಗುವುದಿಲ್ಲ.

ಕೆಂಪು ಮಸಿ ತೇಯ್ದೆ. ತೊಂಬತ್ತಾರು ಸುತ್ತು ಹಾಕಿದೆ. ಮಗು ನನ್ನ ಮೊಣಕೈಗೆ ಅಂಟಿ ನಿಂತು ಜೋರಾಗಿ ಎಣಿಸಿತು. ತೊಂಬತ್ತಾರಕ್ಕೆ ಬಂದಾಗ "ನಾವು ದಡ್ಡರಲ್ಲ!" ಎಂದು ಕೂಗಿ ನನ್ನ ಕುತ್ತಿಗೆಗೆ ಜೋತುಬಿತ್ತು.

ನನಗೆ ಸಂತೋಷವಾಯಿತು. ಆ ಒಂದು ಗಳಿಗೆ, ಇದು ಏತರ ಪತ್ರ ಎಂಬುದು ಮರೆತು, ಮೇಷ್ಟ್ರಾಗಿ ಹೆಮ್ಮೆಪಟ್ಟೆ. ಅದಕ್ಕೆ ಕ್ಷಮೆ ಇಲ್ಲ.

ಹನ್ನೆರಡನೇ ತಿಂಗಳು, ಇಪ್ಪತ್ತನಾಲ್ಕು

ಮೊದಲ ಪ್ರತಿ.

ಸಭಾಮಂದಿರದಲ್ಲಿ ಇಪ್ಪತ್ತಾರು ಅಧಿಪತಿಗಳು. ಮಗುವಿಗೆಂದು ಪುಟ್ಟ ಮೇಜು ಮಾಡಿಸಿದ್ದರು. ಕೈ ನಡುಗದೆ ಬರೆಯಿತು. ಮುದಿ ಅಧಿಪತಿಯೊಬ್ಬ ಕತ್ತು ಚಾಚಿ ನೋಡಿ, "ಸ್ವಹಸ್ತ, ಅನುಮಾನವಿಲ್ಲ," ಎಂದು ಪಕ್ಕದವನಿಗೆ ಹೇಳಿದ.

ಪತ್ರವನ್ನು ಓದಿದ ಕೂಡಲೇ ಮಹಾಸೇನಾನಿ ನೆಲಕ್ಕೆ ಬಿದ್ದು ಅತ್ತರು. "ಇಂಥ ಭಾರ ಹೊರುವ ಯೋಗ್ಯತೆ ಈ ಮುದುಕನಿಗಿಲ್ಲ," ಎಂದು ಪತ್ರವನ್ನು ಮಗುವಿನ ಪಾದದ ಹತ್ತಿರ ಇಟ್ಟುಬಿಟ್ಟರು. ಅದು ಕ್ರಮ. ಪಟ್ಟವನ್ನು ಎರಡು ಸಲ ನಿರಾಕರಿಸಬೇಕು, ಮೂರನೆಯ ಸಲ ಒಪ್ಪಬೇಕು, ಆಸೆಬುರುಕ ಎನ್ನಿಸಿಕೊಳ್ಳಬಾರದಲ್ಲ. ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಒಬ್ಬರನ್ನು ಬಿಟ್ಟು.

ಒಳಗೆ ಬಂದ ಮೇಲೆ ಮಗುವಿನ ಮುಖ ಬಿಳಿಚಿಕೊಂಡಿತ್ತು.

"ಯಾಕೆ ವಾಪಸ್ ಕೊಟ್ರು? ಯಾವ ಅಕ್ಷರ ಡೊಂಕಾಯ್ತು?"

"ಯಾವುದೂ ಇಲ್ಲ ಪ್ರಭು."

"ಮತ್ತೆ ಅವರು ಅತ್ರಲ್ಲ? ಅಷ್ಟು ಕೆಟ್ಟದಾಗಿತ್ತಾ?"

ಹನ್ನೆರಡನೇ ತಿಂಗಳು, ಇಪ್ಪತ್ತಾರು

ಎರಡನೇ ಪ್ರತಿ. ಮೊದಲಿನದಕ್ಕಿಂತ ಚೆನ್ನಾಗಿ ಬರೆಯಿತು. ಮತ್ತೆ ಅಳು, ಮತ್ತೆ ವಾಪಸ್.

ಮಗು ಮಧ್ಯಾಹ್ನದಿಂದ ಊಟ ಬಿಟ್ಟು ಅಭ್ಯಾಸಕ್ಕೆ ಕುಳಿತಿದೆ. ಬೇಡವೆಂದರೂ ಕೇಳುವುದಿಲ್ಲ. "ಇನ್ನೊಂದು ಸಲ ಅಷ್ಟೇ ಅಂತೆ, ಚೂ ಹೇಳಿದ್ರು. ಈ ಸಲ ಅವರು ತಗೊಳ್ಲೇಬೇಕು."

ಬಾಗಿಲಲ್ಲಿ ಯಾರೂ ಇಲ್ಲದ್ದನ್ನು ನೋಡಿ ಕಿವಿಯಲ್ಲಿ ಹೇಳಿದೆ. ಇದು ರಾಜದ್ರೋಹ, ಬಾಯಿಂದ ಹೊರಟದ್ದು ನನಗೇ ಆಶ್ಚರ್ಯ. "ಪ್ರಭು, ನನ್ನ ಮಾತು ಕೇಳಿ. ನಾಡಿದ್ದು ಕೆಟ್ಟದಾಗಿ ಬರೆಯಿರಿ. ಮಸಿ ಚೆಲ್ಲಿಬಿಡಿ. ಅಳಿ, ಕೈ ನೋಯುತ್ತೆ ಅನ್ನಿ."

ನನಗೆ ಹುಚ್ಚು ಹಿಡಿದಿದೆಯೋ ಎಂಬಂತೆ ನೋಡಿದರು.

"ನಮಗೆ ಕಲಿಸಿದ್ದು ನೀವಲ್ವಾ ಗುರುಗಳೇ? ಅಷ್ಟು ಜನದ ಮುಂದೆ ನಿಮಗೆ ಅವಮಾನ ಆಗುತ್ತೆ."

ಹನ್ನೆರಡನೇ ತಿಂಗಳು, ಇಪ್ಪತ್ತೆಂಟು

ಮೂರನೇ ಪ್ರತಿ.

ನಾನು ಜೀವಮಾನದಲ್ಲಿ ನೋಡಿದ ಕೈಬರಹಗಳಲ್ಲಿ ಇದಕ್ಕಿಂತ ಮೇಲಾದದ್ದು ಇಲ್ಲ. ಕುಂಚ ಎತ್ತಿದಾಗ ಇಡೀ ಸಭೆ ಉಸಿರು ಬಿಟ್ಟಿತು. ಮಹಾಸೇನಾನಿ ಎರಡೂ ಕೈಚಾಚಿ ತೆಗೆದುಕೊಂಡರು.

ಮಗು ಸಾಲುಗಳ ನಡುವೆ ನನ್ನನ್ನು ಹುಡುಕಿ ನಕ್ಕಿತು. ಹೊಸ ಹಲ್ಲು ಅರ್ಧ ಬಂದಿದೆ.

ಆಮೇಲೆ ಅವರನ್ನು ಪೀಠದಿಂದ ಇಳಿಸಿ, ನಮ್ಮ ಸಾಲಿನಲ್ಲಿ, ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿದರು. ಪೀಠದ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ಕುಳಿತವರು ಬೇರೆ. ಮಗು ನನ್ನ ತೋಳು ಎಳೆಯಿತು. "ತಗೊಂಡ್ರು!" ಎಂದು ಪಿಸುಗುಟ್ಟಿತು. ನಾನು ಅಭ್ಯಾಸಬಲದಿಂದ ಬಾಗಹೊರಟೆ. ಹಿಂದೆ ನಿಂತಿದ್ದವನು ಅಂಗಿ ಹಿಡಿದು ಎಳೆದ. ಇನ್ನು ಅವರಿಗೆ ಬಾಗುವ ಹಾಗಿಲ್ಲ.

ಮಗುವನ್ನು ಊರ ಹೊರಗಿನ ಮನೆಯೊಂದಕ್ಕೆ ಮುಚ್ಚಿದ ಗಾಡಿಯಲ್ಲಿ ಕಳಿಸಿದರು. ಗಾಡಿ ಹತ್ತುವಾಗ "ದಾದಿ ಅಲ್ಲಿರ್ತಾಳಾ?" ಎಂದು ಕೇಳಿತು.

"ಇರ್ತಾಳೆ," ಎಂದೆ. ಡೊಂಕು ಎಂದು ನೂರು ಸಲ ಹೇಳಿದವನಿಗೆ ಇದ್ಯಾವ ಕಷ್ಟ.

ಮಹೋದಯ ಶಕೆ ಮೊದಲನೇ ವರ್ಷ, ಎರಡನೇ ತಿಂಗಳು, ಹದಿನಾಲ್ಕು

ನಲವತ್ತೈದು ದಿನದಿಂದ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ. ನನ್ನನ್ನು ಕೊಲ್ಲಲಿಲ್ಲ, ಇನ್ನೂ ಎತ್ತರದ ಟೋಪಿ ಕೊಟ್ಟು ಇದೇ ಕೋಣೆಯಲ್ಲಿ ಇಟ್ಟಿದ್ದಾರೆ. ಬಿಲ್ಲೆ ಕೊಟ್ಟಿಲ್ಲ, ನಾನೂ ಕೇಳಿಲ್ಲ.

ಬೆಳಿಗ್ಗೆ ಚೂ ಬಂದ. ಈಗ ಮಂತ್ರಿ.

"ಒಂದು ಸಣ್ಣ ಬರಹ ಮೇಷ್ಟ್ರೇ. ದಫ್ತರಕ್ಕೆ. ಒಂದೇ ಸಾಲು, ನಿಮ್ಮ ಕೈಯಲ್ಲೇ ಆದ್ರೆ ಚೆನ್ನ."

ಕರಡು ಓದಿದೆ. 'ಹಿಂದಿನ ಎಳೆಯ ಅರಸರು ಎರಡನೇ ತಿಂಗಳ ಹದಿನಾರರಂದು ಜ್ವರದಿಂದ ತೀರಿಕೊಂಡರು. ಚಕ್ರವರ್ತಿಗಳು ಮೂರು ದಿನ ಶೋಕ ಆಚರಿಸಿದರು.'

"ಇವತ್ತು ಹದಿನಾಲ್ಕು," ಎಂದೆ.

"ಹೌದು," ಎಂದ ಚೂ. "ಮೊದಲೇ ಬರೆದಿಟ್ಟುಕೊಂಡ್ರೆ ಆಮೇಲೆ ಅವಸರ ಇರಲ್ಲ."

ಕುಂಚ ತೆಗೆದುಕೊಂಡೆ. ಮೊದಲ ಹಾಳೆಗೆ ಮಸಿ ಚೆಲ್ಲಿತು. ಎರಡನೆಯದರಲ್ಲಿ ಗೆರೆ ಜಾರಿತು. ಮೂರನೆಯದು, ನಾಲ್ಕನೆಯದು. ಈ ಕಾಗದ ಸರಿಯಿಲ್ಲ, ದಕ್ಷಿಣದ ಕಾಗದ ತರಿಸಿ ಎಂದೆ. ಬರಲು ಹತ್ತು ದಿನವಾದರೂ ಬೇಕು. ಹತ್ತು ದಿನವೆಂದರೆ ಹತ್ತು ದಿನ.

ಚೂ ಕೋಪ ಮಾಡಿಕೊಳ್ಳಲಿಲ್ಲ. ಎದುರಿಗೆ ಕುಳಿತು ನನ್ನ ಕೈಯಿಂದ ಕುಂಚ ತೆಗೆದುಕೊಂಡ. "ಬಿಡಿ, ಇದಕ್ಕೆ ಅಕ್ಷರ ಚೆನ್ನಾಗಿರ್ಬೇಕು ಅಂತೇನಿಲ್ಲ," ಎಂದು ತಾನೇ ಬರೆದ. ಕೆಟ್ಟ ಕೈಬರಹ, ಅಡ್ಡಗೆರೆಗಳೆಲ್ಲ ಬಲಕ್ಕೆ ಸೋತಿವೆ. ಒಂದು ಬಟ್ಟಲು ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಅವನು ಬಾಗಿಲು ದಾಟುವ ಮುಂಚೆ ಕೇಳಿದೆ. "ನನ್ನನ್ನು ಆ ಮನೆಗೆ ಕಳಿಸಿ ಸ್ವಾಮಿ. ಪಾಠ ಅರ್ಧಕ್ಕೆ ನಿಂತಿದೆ."

ತಿರುಗಿ ನೋಡಿದ. "ಅಲ್ಲಿ ಬಾಗಿಲಿಗೆ ಹೊರಗಡೆಯಿಂದ ಬೀಗ. ಒಳಗೆ ಹೋದವರು ಹೊರಗೆ ಬರೋದಿಲ್ಲ. ಗೊತ್ತಲ್ಲ?"

"ಗೊತ್ತು."

"ಅಣ್ಣನ ಮನೆಯವರಿಗೆ ಏನೂ ಆಗಲ್ಲ, ಅದು ಬಿಡಿ," ಎಂದು ಸ್ವಲ್ಪ ಯೋಚಿಸಿದ. "ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು. ತಾರೀಖು ಗೊತ್ತಿರೋರು ಹೊರಗಡೆ ಇರೋದಕ್ಕಿಂತ ಒಳಗಡೆ ಇರೋದು ವಾಸಿ."

ಹೋಗುವುದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಇಲ್ಲಿ ಕೆಲಸವಿಲ್ಲ, ಊಟ ಸೇರುತ್ತಿಲ್ಲ, ಆ ಮನೆಯಲ್ಲಿ ಹೊದಿಕೆ ನೋಡುವವರು ಯಾರಾದರೂ ಇದ್ದಾರೋ ಇಲ್ಲವೋ.

ಗಾಡಿ ಮಧ್ಯಾಹ್ನಕ್ಕೆ ಬರುತ್ತದೆ. ಕುಂಚ, ಮಸಿಬಿಲ್ಲೆ ಕಟ್ಟಿಕೊಂಡೆ. ಕಾಗದ ಮೊದಲು ಎರಡು ದಿನಕ್ಕೆ ಆಗುವಷ್ಟೇ ತೆಗೆದಿಟ್ಟಿದ್ದೆ. ಆಮೇಲೆ ಹೊಳೆಯಿತು, ಅಷ್ಟೇ ಒಯ್ದರೆ ಮಗು ಇಷ್ಟೇ ಯಾಕೆ ಎಂದು ಕೇಳುತ್ತದೆ. ಉಗ್ರಾಣದವನನ್ನು ಕಾಡಿಬೇಡಿ, ಒಂದು ವರ್ಷಕ್ಕೆ ಸಾಕಾಗುವಷ್ಟು ಕಾಗದ ಗಾಡಿಗೆ ಹೇರಿಸಿದ್ದೇನೆ.